ಅತ್ತಿನ ಕೇಳದ ಇಟ್ಟ ಹೆಸರು

ಉಟಗಿ ಊರಾಗಿರೋ ಭಾಗವ್ವತ್ತಿಗೆ ಪುಣೆದಿಂದ ಶರಣಾರ್ಥಿ.

ಪರೀಕ್ಷಾಕಂತ ನೀ ನಾಚಿ ಸೆರಗಿನ್ಯಾಗ ಮುಚ್ಚಿ ತಂದುಕೊಟ್ಟ ಮಲದ ಡಬ್ಬಿ ನೆನಪೈತಲ್ಲ? ಅದರಾಗ ಸಕ್ಕರಿ ಬ್ಯಾನಿಗೆ ನಂಟಿರೋ ಜೀವಾಣು ಸಿಕ್ಕೈತಿ. ಈತನಕ ಯಾರೂ ಕಾಣದ ಜಾತಿ ಅಂತ ಖಾತ್ರಿ ಮಾಡಿ, ನಿನ್ನೆ ನಮ್ಮ ಲ್ಯಾಬಿನ್ಯಾಗ ಹೆಸರಿಟ್ರು. ನಮ್ಮ ಕಡೆ ಕೂಸಿನ ಕಿವ್ಯಾಗ ಹೆಸರು ಹೇಳಾಕಿ ಸೋದರತ್ತಿ. ನನಗೂ ನೀನ ಹೇಳಿದ್ದಿ. ಇಲ್ಲಿ ಸಾಹೇಬ್ರು ತಮ್ಮ ಗುರುವಿನ ಹೆಸರಿಟ್ಟು ಪೇಢೆ ಹಂಚಿದ್ರು. ಇದು ಯಾರ ಹೊಟ್ಟ್ಯಾಗಿಂದು ಅಂತ ಒಬ್ರೂ ಕೇಳಲಿಲ್ಲ.

ಅದನ್ನ ಫ್ರೀಜರದಾಗ ಇಟ್ಟಾರ. ಕರೆಂಟ್ ಹೋದ್ರ ಅದಕ್ಕಂತನ ಜನರೇಟರ್ ಚಾಲೂ ಆಗತೈತಿ.

ಅಲ್ಲಿ ಬಿಸಲು ಭಾಳ ಅಂತ ಕೇಳಿದೆ. ನೀ ಇನ್ಸುಲಿನ್ ಇಡೋ ಮಣ್ಣಿನ ಗಡಗಿಗೆ ಹಸಿ ಅರಿವಿ ಸುತ್ತೂದು ಮರೀಬ್ಯಾಡ.

ದಾಕ್ಷಾಯಣಿ