ಅಪ್ಪ ಗೆದ್ದ ಕಪ್

ಜಾಲಹಳ್ಳಿ
ಭಾನುವಾರ, 6 ಜುಲೈ 2025

ಪ್ರೀತಿಯ ಪುಟ್ಟೀ,

ಹೇಗಿದೀಯೆ? ಕೆಮ್ಮು ಬಿಡ್ತಾ ಇಲ್ವಾ? ಅರುಣಾಚಲದಲ್ಲಿ ಗುಡ್ಡ ಕುಸೀತು ಅಂತ ಟೀವೀಲಿ ಬಂದಾಗೆಲ್ಲ ನಿಮ್ಮಪ್ಪ ನಕ್ಷೆ ಹರಡಿಕೊಂಡು, ನಮ್ಮ ಪ್ರಿಯಾಂಕಾ ಕಟ್ಟಿಸ್ತಿರೋ ಸೇತುವೆ ಯಾವ ಕಡೆ, ಕುಸಿದ ಗುಡ್ಡ ಯಾವ ಕಡೆ ಅಂತ ಗೇಣು ಹಾಕಿ ಅಳೀತಾರೆ. ಬಿಸಿನೀರೇ ಕುಡಿ. ಒದ್ದೆ ಸಾಕ್ಸಲ್ಲಿ ಸೈಟೆಲ್ಲ ಓಡಾಡ್ಬೇಡ, ಹೊಸ ಸಾಕ್ಸ್ ಪಾರ್ಸಲ್‌ನಲ್ಲಿ ಇಟ್ಟಿದೀನಿ. ಚಟ್ನಿಪುಡಿ ಈ ಸಲ ಖಾರ ಕಮ್ಮಿ, ಹುರಿದ ಕಡ್ಲೆಕಾಯಿ ಬೀಜ ಬೇರೆ ಪೊಟ್ಟಣ. ಅಪ್ಪನ ಬಿ.ಪಿ. ಹತೋಟಿಯಲ್ಲಿದೆ. ನನ್ನದು ಕಳೆದ ಶನಿವಾರದಿಂದ ಇಲ್ಲ. ಯಾಕೆ ಅಂತ ಹೇಳೋಕೇ ಈ ಕಾಗದ. ಫೋನಲ್ಲಿ ಹೇಳೋಣ ಅಂದ್ರೆ ನಿನಗೆ ಸಿಗ್ನಲ್ ಸಿಕ್ಕೋದೇ ಅಪರೂಪ, ಸಿಕ್ಕಿದ ದಿನ ನಿಮ್ಮಪ್ಪ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಿರ್ತಾರೆ. ಅವರ ಕಿವಿಗೆ ಬೀಳಬಾರದ ಮಾತು ಇದು.

ವಿಷಯ ನಿನಗೆ ನೋಡಿರೋ ಹುಡುಗ ಚಿರಂಜೀವಿದು. ಏಪ್ರಿಲ್ ರಜದಲ್ಲಿ ಬಂದಾಗ ಅವನನ್ನ ಎರಡು ಸಲ ಭೇಟಿ ಮಾಡಿ, "ಪರವಾಗಿಲ್ಲಮ್ಮ, ನಗ್ತಾ ನಗ್ತಾ ಮಾತಾಡ್ತಾನೆ, ನೀವಿಬ್ರೂ ಹೂಂ ಅಂದ್ರೆ ನಂದೂ ಹೂಂ" ಅಂತ ಭಾರ ಎಲ್ಲ ನಮ್ಮ ತಲೆ ಮೇಲೆ ಹಾಕಿ ವಿಮಾನ ಹತ್ತಿಬಿಟ್ಟೆ. ಅವರಪ್ಪ ಪರಮಾನಂದ ಇದಾರಲ್ಲ, ಪೀಣ್ಯದಲ್ಲಿ ಪಂಪಿನ ಬಿಡಿಭಾಗ ಮಾಡೋ ಫ್ಯಾಕ್ಟರಿ ಇಟ್ಟಿರೋರು, ಆಷಾಢ ಕಳೀತಿದ್ದ ಹಾಗೇ ಹೂವು ಹಣ್ಣು ತಗೊಂಡು ಬರ್ತೀವಿ, ಅದಕ್ಕೆ ಮುಂಚೆ ಬೀಗರು ಬೀಗರು ಒಂದ್ಸಲ ಆರಾಮಾಗಿ ಸೇರೋಣ ಅಂದ್ರು. ಎಲ್ಲಿ ಅಂತೀಯ? ಗಾಲ್ಫ್ ಮೈದಾನದಲ್ಲಿ! ವೈಟ್‌ಫೀಲ್ಡ್ ದಾಟಿ ಹೊಸಕೋಟೆ ಕಡೆ ಬ್ರಿಟಿಷರ ಕಾಲದ್ದೊಂದು ಇದೆ, ಎರಡು ವರ್ಷ ಮುಚ್ಚಿ ರಿಪೇರಿ ಮಾಡಿ ಈಗ ರೆಸಾರ್ಟ್ ಅಂತ ತೆಗೆದಿದ್ದಾರೆ. ನಾವಿಬ್ರೂ ಫ್ಯಾಕ್ಟರಿ ಕಾಲೊನಿ ಮೈದಾನದಲ್ಲಿ ಗಾಲ್ಫ್ ಆಡಿದವರು ಅಂತ ಯಾರೋ ಅವರ ಕಿವಿಗೆ ಹಾಕಿದ್ದಾರೆ. ನಿಮ್ಮಪ್ಪಂಗೆ ಕೇಳ್ಬೇಕಾ! ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಮೈದಾನವನ್ನ ಬೇಲಿ ಆಚೆ ನಿಂತು ನೋಡಿ ಬಂದಿದ್ರಂತೆ. ಒಂದು ಸಲ ಒಳಗೆ ಆಡ್ಬೇಕು ಅನ್ನೋದು ಅವತ್ತಿನ ಆಸೆ. ಶುಕ್ರವಾರವೇ ಪ್ಯಾಂಟು ಇಸ್ತ್ರಿ ಆಯ್ತು, ಬೂಟು ಪಾಲಿಶ್ ಆಯ್ತು.

ಜಾಲಹಳ್ಳಿ ಮೆಟ್ರೋದಲ್ಲಿ ಚೀಲ ತಪಾಸಣೆ ಮಾಡೋ ಹುಡುಗಿ ನಮ್ಮ ಹಳೇ ಗಾಲ್ಫ್ ಕೋಲುಗಳನ್ನ ನೋಡಿ "ಏನಾಂಟಿ ಇದು, ಯಾರಿಗಾದ್ರೂ ಹೊಡೆಯೋಕೆ ಹೋಗ್ತಿದೀರಾ?" ಅಂದ್ಲು. ಆಗ ನಕ್ಕೆ, ಸಾಯಂಕಾಲದ ಹೊತ್ತಿಗೆ ಆ ಐಡಿಯಾನೇ ಸರಿ ಅನ್ನಿಸಿತ್ತು. ಕುಂದಲಹಳ್ಳಿ ಸ್ಟೇಷನ್ನಿಂದ ಚಿರಂಜೀವಿ ಕಾರಲ್ಲಿ ಕರ್ಕೊಂಡು ಹೋದ. ಇಳಿದ ತಕ್ಷಣ ಮಲ್ಲಿಗೆ ಸೆಂಟು ಹಾಕಿದ ಒದ್ದೆ ಟವಲ್ಲು, ಗಿಡದ ಬುಡದಲ್ಲಿ ಸುಳ್ಳು ಬಂಡೆ, ಬಂಡೆ ಒಳಗಿಂದ ಕೊಳಲು ಸಂಗೀತ. ಹಳೇ ಹೆಂಚಿನ ಕ್ಲಬ್ಬಿನ ಜಗಲಿಗೆ ಬೂದಿ ಬಣ್ಣ ಹೊಡೆದು, ನಿನ್ನೆ ಮೊನ್ನೆ ತೆಗೆದ ಫೋಟೋಗಳನ್ನ ಟೀ ಬಣ್ಣಕ್ಕೆ ತಿರುಗಿಸಿ ಫ್ರೇಮ್ ಹಾಕಿ ಪರಂಪರೆ ಅಂತ ನೇತು ಹಾಕಿದ್ದಾರೆ. ಕೆಲಸದವರಿಗೆಲ್ಲ ದೊರೆಗಳ ಕಾಲದ ಹಾಗೆ ಗಂಜಿ ಹಾಕಿದ ಕೆಂಪು ಪೇಟ, ಬಿಳಿ ಕೋಟು. ಆ ಬಿಸಿಲಲ್ಲಿ ಪಾಪ, ಕತ್ತೆಲ್ಲ ಬೆವರುಸಾಲೆ. ಕೌಂಟರಿನಲ್ಲಿದ್ದವನು ನನ್ನ ಕೈಲಿದ್ದ ಚೀಲ ನೋಡಿಯೂ "ಮೇಡಂ, ಸ್ಪಾ ಆ ಕಡೆ" ಅಂದ. ಪರಮಾನಂದ ಅಂತೂ "ಓಹೋ, ಬೀಗಿತ್ತೀನೂ ಆಡ್ತಾರಾ! ಹಗೂರಕ್ಕೆ ಆಡಿ, ನಮ್ಮ ಮರ್ಯಾದೆ ತೆಗೀಬೇಡಿ" ಅಂತ ಹೊಟ್ಟೆ ಕುಣಿಸಿಕೊಂಡು ನಕ್ಕರು. ನಿಮ್ಮಪ್ಪನೂ ನಕ್ಕರು. ಅಲ್ಲಿಂದಲೇ ನನಗೆ ಮೈಯುರಿ ಶುರುವಾಯ್ತು.

ಹುಲ್ಲೇನೋ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳ್ಲಿ. ಆದರೆ ನಿನಗೆ ಗೊತ್ತಲ್ಲ, ನಮ್ಮ ಕಾಲೊನಿಯಲ್ಲಿ ಗುಳಿಯ ಸುತ್ತ ಹುಲ್ಲು ಎಲ್ಲಿತ್ತು? ಮರಳಿಗೆ ಸುಟ್ಟ ಎಣ್ಣೆ ಕಲಸಿ ಹರಡ್ತಿದ್ರು, ಚೆಂಡು ತಳ್ಳೋಕೆ ಮುಂಚೆ ಹಲಗೆ ಎಳೆದು ದಾರಿ ಸಮ ಮಾಡ್ಕೋಬೇಕಿತ್ತು. ಸೀರೆ ಅಂಚಿಗೆಲ್ಲ ಎಣ್ಣೆ ಕಲೆ. ಅಂಥಲ್ಲಿ ಆಡಿದ ಕೈಗೆ ಈ ಹುಲ್ಲು ದಕ್ಕುತ್ತಾ? ನಿಮ್ಮಪ್ಪ ಮೆಲ್ಲಗೆ ತಟ್ಟಿದ್ರೂ ಚೆಂಡು ಗುಳಿ ದಾಟಿ ಎಲ್ಲೋ ಹೋಗ್ತಿತ್ತು. ಮುಖ ಇಷ್ಟಾಯ್ತು ಪಾಪ. ಇನ್ನು ಅಲ್ಲಿನ ಕೆರೆ! ದೂರದಿಂದ ನೀಲಿ, ಕ್ಯಾಲೆಂಡರಲ್ಲಿ ಇರುತ್ತಲ್ಲ ಅಂಥ ನೀಲಿ. ಹತ್ತಿರ ಹೋದ್ರೆ ನಾತ, ಮೂಗು ಮುಚ್ಚಿಕೊಂಡೆ. ಸುತ್ತ ಎದ್ದಿರೋ ಅಪಾರ್ಟ್‌ಮೆಂಟ್‌ಗಳ ಕೊಳಚೆ ಎಲ್ಲ ಅದಕ್ಕೇ. ಮೈದಾನದೊಳಗೆ ನಮ್ಮ ಗಾಡಿ ಓಡಿಸ್ತಿದ್ದ ಯಮನಪ್ಪ, ರಾಯಚೂರು ಕಡೆಯವನು, ಮೆತ್ತಗೆ "ಬಣ್ಣಾ ಹಾಕ್ತಾರ್ರೀ ಅಕ್ಕಾರ, ವಾರಕ್ಕೊಮ್ಮೆ" ಅಂದ. ಅದೇ ನೀರನ್ನ ಮೇಲಕ್ಕೆ ಎತ್ತಿ ಸಿಮೆಂಟ್ ಬಂಡೆ ಮೇಲಿಂದ ಜಲಪಾತ ಅಂತ ಬೀಳಿಸ್ತಾರೆ, ಬುಡದಲ್ಲಿ ಮೊಣಕಾಲುದ್ದ ನೊರೆ. ಅದರ ಮುಂದೆ ನಿಂತು ಜನ ಫೋಟೋ ತೆಗೆಸಿಕೊಳ್ತಾರೆ. ಥೂ!

ಪರಮಾನಂದ ಹೊಡೆದ ಚೆಂಡು ಆ ನೀರಿನ ಅಂಚಿಗೆ ಬಿತ್ತು. ವಿದೇಶದಿಂದ ತರಿಸಿದ್ದಂತೆ. "ಏಯ್, ಇಳಿಯೋ" ಅಂತ ಯಮನಪ್ಪನಿಗೆ ಕೈ ತೋರಿಸಿದ್ರು. ಅವನಿಗೆ ನಮ್ಮ ವಯಸ್ಸೇ ಇರ್ಬೇಕು. ಬೂಟು ಬಿಚ್ಚಿ, ಪ್ಯಾಂಟು ಮಡಚಿ ಆ ಕೊಳಚೆಗೆ ಇಳಿದ, ತಲೆ ಮೇಲೆ ಪೇಟ ಹಾಗೇ. "ಬೇಡಪ್ಪಾ, ಮೇಲೆ ಬಾ" ಅಂತ ನಾನು ಕೂಗಿದ್ದು ಕೇಳಿದ್ರೂ ಕೇಳಿಸದ ಹಾಗೆ ಹುಡುಕಿದ. ಅವನ ಪಾಡು ಅವನಿಗೆ. ಮೇಲೆ ಬಂದಾಗ ಕಾಲು ಮೊಣಕಾಲವರೆಗೂ ನೀಲಿ. ನನ್ನ ಬಾಟಲಿ ನೀರು ಅವನ ಕಾಲಿಗೆ ಸುರಿದೆ. ಬಗ್ಗಬಾರದು ಬಗ್ಗಬಾರದು ಅಂತ ಅವನೇ ಗಾಬರಿ ಆದ. ಚಿರಂಜೀವಿ ಫೋನ್ ನೋಡ್ತಿದ್ದ. ನಿಮ್ಮಪ್ಪ? ಫ್ಯಾಕ್ಟರಿ ಸ್ಟೋರ್ಸಿನಲ್ಲಿ ಹೆಲ್ಪರ್ ಒಬ್ಬನನ್ನ ಏಕವಚನದಲ್ಲಿ ಮಾತಾಡಿಸಿದ್ದಕ್ಕೆ ಆಫೀಸರ್ ಮೇಲೆ ದೂರು ಬರೆದ ಮನುಷ್ಯ, ಆಕಾಶ ನೋಡ್ತಾ "ಸಾಯಂಕಾಲ ಮಳೆ ಬರ್ಬೋದು" ಅಂದ್ರು. ಆಮೇಲೆ ಬೈಯೋಣ ಅಂತ ಗಾಡಿ ಹತ್ತಿದೆ.

ಅಲ್ಲಿಂದ ಮುಂದೆ ನಿಮ್ಮಪ್ಪನ ಅದೃಷ್ಟ ಖುಲಾಯಿಸಿತು ನೋಡು. ಲಂಟಾನ ಪೊದೆಗೆ ನುಗ್ಗಿದ್ದನ್ನ ನಾನು ಕಣ್ಣಾರೆ ನೋಡಿದ ಚೆಂಡು, ಹೋಗಿ ನೋಡಿದ್ರೆ ಹೊರಗೆ ದಿಂಬಿನ ಮೇಲೆ ಇಟ್ಟ ಹಾಗೆ ಹುಲ್ಲಿನ ಮೇಲೆ ಕೂತಿದೆ. ಒಂದ್ಸಲ ಆದ್ರೆ ಮರಕ್ಕೆ ತಗುಲಿ ಬಂತು ಅನ್ಬೋದು. ಪ್ರತಿ ಸಲವೂನಾ? ಪ್ರತಿ ಸಲವೂ ಚಿರಂಜೀವಿ ಇನ್ನೊಂದು ಗಾಡಿಯಲ್ಲಿ ಮುಂದೆ ಹೋಗಿ "ಅಂಕಲ್, ಇಲ್ಲೇ ಇದೆ, ಸೂಪರ್ ಶಾಟ್!" ಅಂತ ಕೂಗ್ತಿದ್ದ. ನಾನು ಗಾಡಿ ಇಳಿದು ಮರಗಳ ಕಡೆಯಿಂದ ನಡೆದುಕೊಂಡೇ ಹೋದೆ. ನೋಡಿದೆ ಕಣೇ. ಒಂದು ಕಿವಿಗೆ ಫೋನು, ಯಾರ ಜೊತೆಗೋ ಕಬ್ಬಿಣದ ರೇಟು ಮಾತಾಡ್ತಾ, ಬೂಟಿನ ತುದಿಯಲ್ಲಿ ನಿಮ್ಮಪ್ಪನ ಚೆಂಡನ್ನ ಎರಡು ಸಲ ಒದ್ದು ಬಯಲಿಗೆ ತಂದ. ಅವರಪ್ಪಂದನ್ನೂ ಹಾಗೇ ಸರಿಸಿದ. ಆ ಕಡೆ ಈ ಕಡೆ ನೋಡಲೂ ಇಲ್ಲ. ಕದಿಯೋನಿಗೆ ಭಯ ಆದ್ರೂ ಇರುತ್ತೆ, ಇವನು ಚಪ್ಪಲಿ ಬಿಟ್ಟು ಒಳಗೆ ಬಂದಷ್ಟು ಸಲೀಸಾಗಿ ಮಾಡಿದ. ಎಷ್ಟು ವರ್ಷದ ಅಭ್ಯಾಸವೋ ಏನೋ.

ಆಮೇಲೆ ನನ್ನ ಸರದಿ. ನಾನು ಹೊಡೆದಿದ್ದು ಸೀದಾ ನೀಲಿ ನೀರಿಗೆ ಹೋಯ್ತು, ದುಡುಂ ಅಂದಿದ್ದು ಎಲ್ಲರಿಗೂ ಕೇಳಿಸ್ತು. ಅಷ್ಟರಲ್ಲಿ ಆ ಮಹಾರಾಯ "ಆಂಟೀ, ಲಕ್ಕಿ ನೀವು! ದಡದಲ್ಲೇ ಇದೆ" ಅಂದ. ನನ್ನ ಚೆಂಡಿಗೆಲ್ಲ ನೀನು ಬಿಟ್ಟುಹೋದ ಕೆಂಪು ನೇಲ್ ಪಾಲಿಶ್‌ನಲ್ಲಿ ಚುಕ್ಕೆ ಇಟ್ಟಿರ್ತೀನಿ. ಅವನು ತೋರಿಸಿದ್ದು ಹೊಚ್ಚ ಹೊಸದು, ಚುಕ್ಕೆ ಗಿಕ್ಕೆ ಏನಿಲ್ಲ. "ಇದು ನಂದಲ್ಲಪ್ಪ, ನಂದು ಮುಳುಗ್ತು" ಅಂದೆ. ಅವನಿಗೆ ಒಂಚೂರೂ ನಾಚಿಕೆ ಇಲ್ಲ. "ಆಟ ಅಲ್ವಾ ಆಂಟಿ, ಎಲ್ಲರೂ ಖುಷಿಯಾಗಿರ್ಬೇಕು ಅಷ್ಟೇ" ಅಂತ ಅದೇ ನಗು, ನೀನು ಮೆಚ್ಚಿದ ನಗು. ಪರಮಾನಂದ "ನಮ್ಮ ಹುಡುಗ ಹಾಗೇ, ಯಾರ ಮನಸ್ಸೂ ನೋಯಿಸಲ್ಲ" ಅಂದ್ರು. ನಿಮ್ಮಪ್ಪ ನನ್ನ ಮೊಣಕೈ ಹಿಡಿದು "ಸುಮ್ನಿರು ಮಂಜೂ, ಸಣ್ಣ ವಿಷಯ" ಅಂತ ಪಿಸುಗುಟ್ಟಿದ್ರು. ನಾನು ಆಮೇಲೆ ಆಡಲಿಲ್ಲ, ಚೀಲ ಎತ್ತಿಕೊಂಡು ಯಮನಪ್ಪನ ಪಕ್ಕ ಕೂತೆ.

ಕೊನೆಗೆ ಗೆದ್ದಿದ್ದು ಯಾರು ಅಂತೀಯ? ನಿಮ್ಮಪ್ಪ. ರೆಸಾರ್ಟ್ ಅಂಗಡಿಯಲ್ಲಿ ಮಾರೋ ಹಿತ್ತಾಳೆ ಕಪ್ಪೊಂದನ್ನ ಪರಮಾನಂದ ತರಿಸಿ, ಎರಡೂ ಕೈಯಲ್ಲಿ ಎತ್ತಿ ಕೊಟ್ಟರು. ಪೇಟದವರೆಲ್ಲ ಚಪ್ಪಾಳೆ ಹೊಡೆದ್ರು, ಫೋಟೋ ಆಯ್ತು. ನನಗೆ ಅಳು ಬಂತು ಪುಟ್ಟೀ. ನೀನು ಹುಟ್ಟೋಕೆ ಮುಂಚಿನ ಮಾತು. ಫ್ಯಾಕ್ಟರಿ ಪಂದ್ಯದ ಕೊನೇ ಗುಳಿಯಲ್ಲಿ ಅಪ್ಪ ಹೊಡೆಯೋಕೆ ಮುಂಚೆ ಕೋಲು ಇಟ್ಟಾಗ ಚೆಂಡು ಎಳ್ಳುಕಾಳಿನಷ್ಟು ಅಲುಗಿತಂತೆ. ಯಾರೂ ನೋಡಲಿಲ್ಲ. ಇವರೇ ಕೈ ಎತ್ತಿ, ನನ್ನ ಲೆಕ್ಕಕ್ಕೆ ಒಂದು ಹೊಡೆತ ಸೇರಿಸಿ ಅಂದ್ರು, ಕಮ್ಮಿ ಹೊಡೆದವರು ಗೆಲ್ಲೋ ಆಟದಲ್ಲಿ ಕಪ್ಪು ಕೈ ತಪ್ಪಿತು. ಫ್ಯಾಕ್ಟರಿಯ ಟೆಲಿಫೋನ್ ಎಕ್ಸ್‌ಚೇಂಜಿನಿಂದ ಆಟ ನೋಡೋಕೆ ಹೋಗಿದ್ದ ನಾವು ಹುಡುಗಿಯರೆಲ್ಲ ಎಂಥಾ ಪೆದ್ದ ಅಂತ ನಕ್ಕಿದ್ವಿ. ಮಾರನೇ ತಿಂಗಳು ಆ ಪೆದ್ದನ ಕಡೆಯಿಂದಲೇ ಕೇಳಿಕೊಂಡು ಬಂದ್ರು, ನಾನು ಎರಡನೇ ಮಾತಾಡದೆ ಒಪ್ಪಿದೆ. ಅಂಥವರ ಕೈಗೆ ಈ ಹೊಲಸು ಕಪ್ಪು.

ಅವರಿಗೆ ಗೊತ್ತಾಗಿಲ್ಲ ಅಂತ ನನ್ನ ಲೆಕ್ಕ. ಕಣ್ಣಿನ ಪೊರೆ ತೆಗೆಸಬೇಕು ಅಂತ ಡಾಕ್ಟರು ಹೇಳಿ ಎಷ್ಟು ದಿನ ಆಯ್ತು, ಚೆಂಡು ಎಲ್ಲಿ ಬಿತ್ತು ಅನ್ನೋದೇ ಅವರಿಗೆ ಕಾಣಲ್ಲ. ಕಪ್ಪನ್ನ ಇನ್ನೂ ಕವರಿನಿಂದ ತೆಗೆದಿಲ್ಲ, ಬೀರು ಮೇಲೆ ಇದೆ. ಎದುರುಮನೆ ವೇಣಿ ತೋರಿಸಿ ಅಂಕಲ್ ಅಂದ್ರೂ ನಾಳೆ ನಾಳೆ ಅಂದ್ರು. ಧೂಳಾಗುತ್ತೆ ಅಂತಲೋ ಏನೋ. ನಾನು ಹೇಳಿಬಿಟ್ರೆ ಈ ವಯಸ್ಸಲ್ಲಿ ಆ ಜೀವ ಒಡೆದುಹೋಗುತ್ತೆ, ಹೇಳದಿದ್ರೆ ನನಗೆ ನಿದ್ದೆ ಬರಲ್ಲ. ಒಂದು ಚೆಂಡು ಸರಿಸಿದ್ದಕ್ಕೆ ಹುಡುಗ ಕೆಟ್ಟವನು ಅಂತ ತೀರ್ಮಾನ ಮಾಡೋಕಾಗುತ್ತಾ ಅಂತಲೂ ಅನ್ನಿಸುತ್ತೆ. ಆದರೆ ಆ ನಗು ನೆನೆಸಿಕೊಂಡ್ರೆ ಅನ್ನ ಇಳಿಯಲ್ಲ. ನಾಳೆ ನಿನ್ನ ಕಣ್ಣೀರನ್ನೂ ಹಾಗೇ ನಗ್ತಾ ನಗ್ತಾ ಬೂಟಿನ ತುದಿಯಲ್ಲಿ ಸರಿಸಿದ್ರೆ? ಎಲ್ಲ ಬರೆದಿದೀನಿ, ಇನ್ನು ನಿನ್ನಿಷ್ಟ. ನೀನು ಏನು ಅಂದ್ರೂ ಅಮ್ಮ ನಿನ್ನ ಕಡೆ.

ರಾತ್ರಿ ಹೊತ್ತು ಒಬ್ಬಳೇ ಸೈಟಿಗೆ ಹೋಗ್ಬೇಡ. ನಿನ್ನ ಜೊತೆ ಇರೋ ಸ್ಫೂರ್ತಿಗೂ ಚಟ್ನಿಪುಡಿ ಕೊಡು, ಅವಳಮ್ಮನ್ನ ಕೇಳಿದೆ ಅಂತ ಹೇಳು. ಕಟ್ಟಿದ ಸೇತುವೆ ಗಟ್ಟಿಯಾಗಿ ನಿಲ್ಲಲಿ, ನೀನೂ ಗಟ್ಟಿಯಾಗಿರು.

ಇಂತೀ ನಿನ್ನ ಅಮ್ಮ,
ಮಂಜುಶ್ರೀ

ತಾ.ಕ.: ಸೋಮವಾರ ಬೆಳಿಗ್ಗೆ, ಪಾರ್ಸಲ್‌ಗೆ ಟೇಪು ಸುತ್ತೋಕೆ ಮುಂಚೆ ಗಡಿಬಿಡಿಯಲ್ಲಿ ಗೀಚ್ತಿದೀನಿ. ಈಗ ತಾನೇ ಚಿರಂಜೀವಿ ಫೋನ್ ಮಾಡಿದ್ದ, ನಿನಗೆ ಯಾವ ಬಣ್ಣದ ಸೀರೆ ಇಷ್ಟ ಅಂತ ಕೇಳೋಕೆ. ತಡೀಲಾರದೆ ಚೆಂಡಿನ ವಿಷಯ ಎತ್ತೇಬಿಟ್ಟೆ. "ಅಯ್ಯೋ ಆಂಟಿ, ಅಂಕಲ್‌ಗೆ ಮೊದಲನೇ ಸಲವೇ ಗೊತ್ತಾಯ್ತು. ಚೆಂಡು ನೋಡಿದ್ರು, ನನ್ನ ಮುಖ ನೋಡಿದ್ರು, ಏನೂ ಅನ್ನದೆ ಹೊಡೆದ್ರು. ಅಡ್ಜಸ್ಟ್ ಮಾಡ್ಕೊಳ್ಳೋ ಮನುಷ್ಯ, ಅಪ್ಪಂಗೆ ತುಂಬಾ ಹಿಡಿಸಿದ್ರು" ಅಂತ ಹೊಗಳಿದ. ಫೋನಿಟ್ಟು ಹೋಗಿ ನಿಮ್ಮಪ್ಪನ್ನ ಕೇಳಿದೆ, ಹೌದಾ ಅಂತ. ಮುಖದ ಮುಂದಿನ ಪೇಪರ್ ಕೆಳಗಿಳಿಸಲಿಲ್ಲ. "ಹೆಣ್ಣು ಕೊಡೋರು ನಾವು ಮಂಜೂ. ಗಂಡಿನ ಕಡೆಯವರಿಗೆ ನೀವು ಮೋಸ ಮಾಡ್ತಿದೀರ ಅಂತ ಹೇಗೆ ಹೇಳ್ಲಿ? ನಾಳೆ ಮಗು ಆ ಮನೇಲಿ ಬಾಳ್ಬೇಕು" ಅಂದ್ರು. ಆಮೇಲೆ ಎದ್ದು ಹೋಗಿ ಬೀರು ಮೇಲಿನ ಕಪ್ಪನ್ನ ಕಣ್ಣಿಗೆ ಬೀಳದ ಹಾಗೆ ಹಿಂದಕ್ಕೆ ತಳ್ಳಿದ್ರು. ಅದಕ್ಕೆ, ಮೇಲೆ ಬರೆದಿರೋ ನಿನ್ನಿಷ್ಟ ಅನ್ನೋದನ್ನ ಹೊಡೆದು ಹಾಕು. ಅವನು ನಿನಗೇ ಬೇಕು ಅನ್ನಿಸಿದ್ರೆ ಹೂಂ ಅನ್ನು, ನಮಗೋಸ್ಕರ ಮಾತ್ರ ಅನ್ನಬೇಡ. ಬೇಡ ಅನ್ನೋದಾದ್ರೆ ನನಗೆ ಹೇಳ್ಬೇಡ, ಶ್ರಾವಣಕ್ಕೆ ಮುಂಚೆ ಸಿಗ್ನಲ್ ಇರೋ ಕಡೆ ಹೋಗಿ ಅಪ್ಪಂಗೇ ಫೋನ್ ಮಾಡು. ಆ ಮಾತು ನಿನ್ನ ಬಾಯಿಂದ ಬರಲಿ ಅಂತ ಅವರು ನನಗಿಂತ ಜಾಸ್ತಿ ಕಾಯ್ತಿದಾರೆ ಪುಟ್ಟೀ.