ಕೂಗದೆ ಉಳಿದ ಎಂಟನೆಯ ಹೆಸರು

ಮಹಾಜನಗಳೇ! ಮುಂದಿನ ಚಾಪೆಯ ಹಿರಿಯರೇ, ಹಿಂದಿನ ಬೆಂಚಿನ ಸಿಳ್ಳೆಗಾರರೇ, ಟಿಕೇಟಿಲ್ಲದೆ ತಡಿಕೆಯ ಸಂದಿಯಿಂದ ಇಣುಕುವ ಮಹಾನುಭಾವರೇ! ಇನ್ನೂರೆಂಭತ್ತು ವರ್ಷ ಹಿಂದೆ ಕುಳಿತಿರುವ ನಿಮಗೆಲ್ಲ ಕೊಲಂಬೊ ಬಂದರಿನಿಂದ, ಕ್ರಿ.ಶ. ೨೩೦೬ರ ಫೆಬ್ರವರಿ ಮೂವತ್ತರಂದು, ಗದಗಿನ ನಾಟಕದ ನಟ ಚೆನ್ನವೀರಪ್ಪ ಬರೆಯುವ ಕಾಗದ. ಹೌದು, ಆ ತಾರೀಖು ಈಗ ಇದೆ. ಮಾತು ವಿಚಿತ್ರವೆನಿಸಿದರೆ ಮನ್ನಿಸಿ, ಮುಖದ ಬಣ್ಣವನ್ನೂ ತೊಳೆಯದೆ ಬರೆಯುತ್ತಿದ್ದೇನೆ.

ನಮ್ಮಲ್ಲಿ ಎಂಟು ದೇಶಗಳ 'ನೆರೆಕಟ್ಟು' ಇದೆ. ನೆರೆಕಟ್ಟೆಂದರೆ ಎಲ್ಲರಿಗೂ ಒಂದೇ ಗಡಿಚೀಟಿ, ಒಂದೇ ಸಂತೆ. ಕಠ್ಮಂಡುವಿನ ಮೂಲಂಗಿ ಮಧ್ಯಾಹ್ನಕ್ಕೆ ಕರಾಚಿಯ ಸಾರಿನಲ್ಲಿ ಬೇಯುತ್ತದೆ. ಢಾಕಾದ ದಾದಿಯರು ಹುಬ್ಬಳ್ಳಿಯ ರೋಗಿಗಳನ್ನು ನೋಡಿಕೊಳ್ಳುತ್ತಾರೆ. ಆದರೆ ಯಾವ ದೇಶ ಒಳಗೆ, ಯಾವುದು ಹೊರಗೆ ಎಂಬುದು ಬರಹದಲ್ಲಿಲ್ಲ. ಕರಾರುಪತ್ರ ನಂಬಿ ಕೆಟ್ಟ ನಮ್ಮ ಅಜ್ಜಂದಿರು ಬೇರೆ ಕಟ್ಟಳೆ ಮಾಡಿದರು. ವರ್ಷಕ್ಕೊಮ್ಮೆ ಕೂಗುಗಾರನೊಬ್ಬ ರಂಗದ ಮೇಲೆ ನಿಂತು ಹೆಸರು ಕೂಗಬೇಕು, ಆ ದೇಶದವರು 'ಇದ್ದೇವೆ' ಎನ್ನಬೇಕು. ಪರದೆ ಬಿತ್ತೋ, ಕೂಗದ ದೇಶ ವರ್ಷವಿಡೀ ಹೊರಗೆ. ಬಡಿಸುವವನು ಕಡೆಗೆ ಉಣ್ಣುವಂತೆ, ಕೂಗುಗಾರ ತನ್ನ ದೇಶವನ್ನು ಕಡೆಗೆ ಕೂಗಬೇಕು. ಈ ಸಲದ ಕೂಗುಗಾರ ನಾನೇ!

ಇಂದು ಬೆಳಗ್ಗೆ ಅಫ್ಘಾನಿಸ್ತಾನ, ಪಾಕಿಸ್ತಾನ, ನೇಪಾಳ, ಭೂತಾನ, ಬಾಂಗ್ಲಾದೇಶ, ಶ್ರೀಲಂಕಾ ಎಂದು ಆರು ಹೆಸರು ಗುಡುಗಿದೆ. ಏಳನೆಯದು ಮಾಲ್ಡೀವ್ಸ್. ಅವರ ದ್ವೀಪಗಳೆಲ್ಲ ಮುಳುಗಿ, ಮೂರು ತಲೆಮಾರಿನಿಂದ ಹಡಗುಗಳೇ ಮನೆ. ಬಂದರಿನ ನೂರು ಹಡಗುಗಳಿಂದ "ಇದ್ದೇವೆ!" ಎಂದು ಒಟ್ಟಿಗೆ ಮೊಳಗಿದಾಗ ಸಭೆಗೆ ಸಭೆಯೇ ಎದ್ದು ಚಪ್ಪಾಳೆ ಹೊಡೆಯಿತು. ಅಯ್ಯೋ, ಚಪ್ಪಾಳೆ! ಮೂರು ವರ್ಷದ ಕೂಸಾಗಿದ್ದಾಗಲೇ ಬಣ್ಣ ಹಚ್ಚಿದ ದೇಹ ಇದು. ಚಪ್ಪಾಳೆ ಬಿದ್ದರೆ ಬೆನ್ನು ತಾನಾಗಿ ಬಾಗುತ್ತದೆ. ಬಾಗಿತು. ಅದನ್ನು ಕಂಡು, ಕೂಗು ಮುಗಿಯಿತೆಂದು ಪರದೆಯವನು ಹಗ್ಗ ಬಿಟ್ಟ.

ಒಳಗೆ ಬಣ್ಣದ ಪೆಟ್ಟಿಗೆ ಹಿಡಿದಿದ್ದ ನನ್ನ ಹೆಂಡತಿ ನೀಲವ್ವ ಹಣೆ ಬಡಿದುಕೊಂಡಳು.

"ಅಲ್ರೀ, ನಮ್ಮ ದೇಶ ಎಲ್ಲಿ ಹೋತ್ರೀ?"

"ಕೂಗೀನಲ್ಲ!"

"ಏನ್ ಕೂಗೀರಿ ನನ್ ಹಣೇಬಾರಾ! ಏಳಕ್ಕs ನಮಸ್ಕಾರ ಹೊಡದ್ರಿ. ಚಪ್ಪಾಳಿಗೆ ದೇಶಾ ಕಳದ ರಾಜಾ ಅಂದ್ರ ನೀವs ನೋಡ್ರಿ. ಪಾರ್ಟು ಭಾಳ ಛಲೋ ಆತು!"

ಸಂಜೆಯೊಳಗೆ ಕಡಲ ಮೇಲಿನ ರೈಲುಸೇತುವೆಯ ಬಾಗಿಲು ನಮ್ಮವರಿಗೆ ಮುಚ್ಚಿತು. ಹುಬ್ಬಳ್ಳಿಯಲ್ಲಿರುವ ಢಾಕಾದ ದಾದಿಯರಿಗೆ ಊರಿಗೆ ಮರಳುವ ಆಜ್ಞೆ ಹೋಯಿತು. ಒಂದು ನಮಸ್ಕಾರಕ್ಕೆ ಇನ್ನೂರು ಕೋಟಿ ಜನ, ಸ್ವಾಮೀ!

ಒಂದೇ ದಾರಿ ಉಳಿದಿದೆ. ಬಿಟ್ಟುಹೋದ ಹೆಸರನ್ನು ಪಂಕ್ತಿಯಲ್ಲಿ ಅದಕ್ಕಿಂತ ಒಂದೇ ಸ್ಥಾನ ಮೊದಲಿದ್ದವರು ಮಾತ್ರ, ಮರುದಿನ ಹೊತ್ತು ನೆತ್ತಿಗೇರುವುದರೊಳಗೆ, ತಮ್ಮ ಬಾಯಿಂದ ಕೂಗಿ ಸೇರಿಸಿಕೊಳ್ಳಬಹುದು. ಎಂದರೆ ಮಾಲ್ಡೀವ್ಸಿನವರು. ಹೋದ ವರ್ಷ, "ನೆಲವೇ ಇಲ್ಲದವರಿಗೆ ದೇಶವೆಲ್ಲಿಯದು? ಹೆಸರು ಕೈಬಿಡಿ" ಎಂದು ವಾದಿಸಿದ್ದು ನಮ್ಮ ದೇಶದವರೇ. ಅವರ ಹಡಗುಗಳಿಗೆಲ್ಲ ಮುಖ್ಯಸ್ಥೆಯಾದ ಹಿರಿಯಳು ಅದನ್ನು ತಲೆ ತಗ್ಗಿಸಿ ಕೇಳಿಸಿಕೊಂಡಿದ್ದಳು. ಆ ಭಾಷಣಕ್ಕೆ ನಾನೂ ಚಪ್ಪಾಳೆ ಹೊಡೆದಿದ್ದೆ.

ನಿಮ್ಮ ಕಾಲದಲ್ಲಿ ಯಾರನ್ನಾದರೂ ಪಂಕ್ತಿಯಿಂದ ಎಬ್ಬಿಸುವ ಮಾತು ಬಂದರೆ, ಆಗ ನಿಮ್ಮ ಅಂಗೈ ಏನು ಮಾಡುತ್ತಿದೆ ಎಂದು ನೋಡಿಕೊಳ್ಳಿ. ನಾನು ನಾಳೆ ಬೆಳಗ್ಗೆ ಬಣ್ಣ ತೊಳೆದು, ಬರಿದಲೆಯಲ್ಲಿ ಆ ಹಿರಿಯಳ ಹಡಗಿನ ಏಣಿಯ ಬುಡಕ್ಕೆ ಹೋಗಿ ನಿಲ್ಲುತ್ತೇನೆ. "ನನ್ನ ದೇಶದ ಹೆಸರನ್ನು ಒಮ್ಮೆ ಕೂಗಿ, ತಾಯಿ" ಎಂದು ಮೆಲ್ಲಗೆ ಕೇಳುತ್ತೇನೆ.