ಡಬ್ಬಿಯ ಬೆಳಗು

ಉಮರ್ಗಾ, ಸೋಮವಾರ

ಆಯಿ, ನಿನ್ನ ಮೊಮ್ಮಗ ಅಮರನಾಥನ ಶರಣು.

ತಂಗಿ ಜಯಮಾಲಾ ನಿನ್ನ ಕಿವಿಯ ಹತ್ತಿರ ಕೂತು ಇದನ್ನು ಓದುತ್ತಾಳೆ. ಬೆಳಗಿನ ಐದಕ್ಕೆ ವಚನ ಹಾಡುವ ನಿನ್ನ ಡಬ್ಬಿಯೊಳಗಿನ ಪುಟ್ಟ ಕಂಪ್ಯೂಟರ್ ಸುಟ್ಟಾಗ, ಅಂಥದ್ದೇ ಸಿಗದೆ ಬೇರೆ ಕಂಪನಿಯದು ಹಾಕಿದ್ದೆ. ಒಂದೊಂದು ಕಂಪನಿಯ ಬೋರ್ಡಿಗೆ ಒಂದೊಂದು ಆಪರೇಟಿಂಗ್ ಸಿಸ್ಟಂ. ಹಳೆಯ ಮೆಮೊರಿ ಕಾರ್ಡು ಇದರಲ್ಲಿ ನಡೆಯಲಿಲ್ಲ, ಹೊಸ ಸಿಸ್ಟಂ ತುಂಬಿದೆ. ಹಾಡು ಬಂತೆಂದು ಖುಷಿಯಲ್ಲಿ ನಮ್ಮೂರು ವಲಾಂಡಿಯಿಂದ ಬಸ್ಸು ಹತ್ತಿಬಿಟ್ಟೆ.

ಜಯಮಾಲಾ, ಇಷ್ಟನ್ನು ಮನಸ್ಸಿನಲ್ಲೇ ಓದಿಕೋ. ಆ ಹೊಸ ಸಿಸ್ಟಂ ವಿಲಾಯತಿಯ ಗಡಿಯಾರ ಹಿಡಿದಿತ್ತು; ಅದರ ಐದು ಅಂದರೆ ನಮ್ಮ ಹತ್ತೂವರೆ. ನಾನು ನೋಡಲೇ ಇಲ್ಲ. ನೀನು ನಸುಕಿಗೆ ಹೊಲಕ್ಕೆ ಹೋದರೆ, ಕಣ್ಣು ಕಾಣದ ಆ ಜೀವ ವಚನ ಬಂದರೇ ಬೆಳಗು ಎಂದು ಹತ್ತೂವರೆಯವರೆಗೆ ಹನಿ ನೀರೂ ಮುಟ್ಟದೆ ಕೂತಿರುತ್ತಿತ್ತಂತೆ; ಊರಿಂದ ಬಂದವರೊಬ್ಬರು ಇವತ್ತು ಹೇಳಿದರು. ಮೊನ್ನೆ ಸಂಜೆ ಬಂದಾಗ ಆಯಿ ನನಗೇ ಹೇಳಿದ್ದಳು: “ಅಮರ, ಈಗೀಗ ರಾತ್ರಿ ಭಾಳ ಉದ್ದ ಆಗ್ಯಾವ ನೋಡಪಾ.” “ವಯಸ್ಸಾದ್ರ ಹಂಗೇ, ಆಯಿ” ಅಂದು ನಕ್ಕುಬಿಟ್ಟೆ.

ಇನ್ನು ಗಟ್ಟಿಯಾಗಿ ಓದು. ಆಯಿ, ಭಾನುವಾರ ಬಂದು ಡಬ್ಬಿ ಸರಿಮಾಡುತ್ತೇನೆ. ಅಲ್ಲಿಯವರೆಗೆ ಜಯಮಾಲಾ ಹೆಗಲು ಮುಟ್ಟಿದರೆ ಬೆಳಗಾಯಿತೆಂದು ತಿಳಿ. ಪೂಜೆ ಮುಗಿಸಿ ಚಹಾ ಕುಡಿ, ಹಾಡಿಗೆ ಕಾಯಬೇಡ.

ರಾತ್ರಿಯ ಬಗ್ಗೆ ನೀ ಹೇಳಿದ್ದು ಖರೆ ಇತ್ತು, ಆಯಿ.

ನಿನ್ನ
ಅಮರ